ತೋಟೆ ರಾಟೆಯ ತಾಜುದ್ದೀನ್ ಸಾಬರು

ದೇವನಹಳ್ಳಿ ಹತ್ತಿರದ ವಿಜಯಪುರದ ತಾಜುದ್ದೀನ್ ಸಾಬರ ಕೋಟು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿತ್ತು. ತೊಟ್ಟವರು ಬೆಳೆದು ಉಡುಪು ಗಿಡ್ಡವಾಗುವುದು ಲೋಕದಲ್ಲಿ ಉಂಟು. ಸಾಬರಾದರೋ ಐವತ್ತು ದಾಟಿ, ಬೆಳೆಯುವುದನ್ನು ಎಂದೋ ಮುಗಿಸಿ, ಬೆನ್ನು ಬಾಗಿಸಿಕೊಂಡು ಕುಗ್ಗುವ ದಾರಿ ಹಿಡಿದವರು. ಮೊದಲ ಮಹಾಯುದ್ಧಕ್ಕೆ ಹೋಗಿ ಬಂದಿದ್ದ ಅಣ್ಣನ ಮೈಯಿಂದ ಇವರ ಮೈಗೆ ಇಳಿದ ಆ ಬೂದು ಬಣ್ಣದ ದಪ್ಪ ಉಣ್ಣೆಯ ಕೋಟು, ಎರಡನೆಯ ಯುದ್ಧ ಶುರುವಾದಾಗ ಮೊಣಕಾಲಿನ ಕೆಳಗಿತ್ತು. ಆ ಯುದ್ಧ ಮುಗಿಯುವ ಹೊತ್ತಿಗೆ ಸೊಂಟದ ಸಮೀಪ ಬಂದು ನಿಂತಿತ್ತು. ಅದರ ಅಂಚಿನ ತುಂಬ ಅರ್ಧಚಂದ್ರಾಕಾರದ ಕಚ್ಚುಗಳು. ಹೆಂಡತಿ ಬಶೀರುನ್ನೀಸಾ ಅದನ್ನು ಮಡಿಚಿ ಹೊಲಿದು ಒಂದು ಮರ್ಯಾದೆಗೆ ತರುವಷ್ಟರಲ್ಲಿ ಸಾಬರು ಇನ್ನೊಂದು ಸುತ್ತು ಕತ್ತರಿಸಿರುತ್ತಿದ್ದರು.

ಕತ್ತರಿಸುತ್ತಿದ್ದದ್ದು ಬಂದೂಕಿನ ತೋಟೆಗಳಿಗಾಗಿ. ತೋಟೆಯೆಂದರೆ ಹೆಬ್ಬೆರಳಿನ ಗಾತ್ರದ ಹಿತ್ತಾಳೆಯ ಕೊಳವೆ. ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಕೇಪಿನ ಮೇಲೆ ಮದ್ದು, ಮದ್ದಿನ ಮೇಲೆ ಉಣ್ಣೆಯದೊಂದು ದುಂಡು ಬಿಲ್ಲೆ, ಬಿಲ್ಲೆಯ ಮೇಲೆ ಸೀಸದ ಚರೆ, ಎಲ್ಲದಕ್ಕೂ ಮೇಲೊಂದು ರಟ್ಟಿನ ಮುಚ್ಚಳ. ಒಮ್ಮೆ ಸುಟ್ಟ ಕೊಳವೆಯನ್ನು ಎಸೆಯದೆ, ತೊಳೆದು ಒಣಗಿಸಿ, ಮತ್ತೆ ತುಂಬಿ ಕೊಡುವುದು ಸಾಬರ ಕಸುಬು. ಯುದ್ಧದ ದೆಸೆಯಿಂದ ವಿಲಾಯಿತಿಯ ಹೊಸ ತೋಟೆಗಳು ಬರುವುದು ನಿಂತುಹೋದ ಮೇಲೆ, ದೇವನಹಳ್ಳಿಯಿಂದ ಹೊಸಕೋಟೆಯವರೆಗಿನ ಬಂದೂಕುದಾರರೆಲ್ಲ ಇವರ ಬಾಗಿಲಿಗೆ ಬಂದರು. ಮದ್ದು ಹೇಗೋ ಸಿಕ್ಕುತ್ತಿತ್ತು, ಸೀಸ ಹೇಗೋ ಸಿಕ್ಕುತ್ತಿತ್ತು. ಬಿಲ್ಲೆಗೆ ತಕ್ಕ ಮೆತ್ತನೆಯ ಉಣ್ಣೆ ಮಾತ್ರ ಸಿಕ್ಕುತ್ತಿರಲಿಲ್ಲ. ಕುರಿಕಂಬಳಿ ಒರಟು, ನಳಿಗೆಯೊಳಗೆ ಸರಾಗವಾಗಿ ಜಾರುವುದಿಲ್ಲ ಎಂಬುದು ಸಾಬರ ತಕರಾರು. ಹಾಗಾಗಿ ಉಳಿದದ್ದು ಮೈಮೇಲಿನ ಕೋಟು.

ಇಂಥ ಮನುಷ್ಯನನ್ನು ಊರು ಆಡಿಕೊಳ್ಳದೆ ಬಿಟ್ಟೀತೆ? ಬೆಟ್ಟದ ಬುಡದಲ್ಲಿ ಯಾರಾದರೂ ಹಂದಿ ಹೊಡೆದರೆ, ಅದು ಸಾಬರ ಎಡಗಡೆಯ ಜೇಬು ತಿಂದು ಸತ್ತಿತು ಎಂದು ನಗುತ್ತಿದ್ದರು. ಸಾಬರು ನಗುತ್ತಲೂ ಇರಲಿಲ್ಲ, ಮುನಿಸಿಕೊಳ್ಳುತ್ತಲೂ ಇರಲಿಲ್ಲ. ಎರಡಕ್ಕೂ ಬೇಕಾದ ಕಸುವು ಅವರಲ್ಲಿ ಇದ್ದಂತೆ ತೋರುತ್ತಿರಲಿಲ್ಲ. ನಡೆಯುವಾಗ ಪ್ರತಿ ಬೀದಿಯ ಮೂಲೆಯಲ್ಲೂ ಗೋಡೆಗೆ ಅಂಗೈ ಊರಿ ನಿಂತು, ಮುಂದಿನ ಬೀದಿಗೆ ಹೋಗಲೇಬೇಕೇ ಎಂದು ಯೋಚಿಸಿದವರಂತೆ ನೋಡಿ, ಹೋಗಲೇಬೇಕು ಎಂದು ತೀರ್ಮಾನಿಸಿಕೊಂಡು ಹೆಜ್ಜೆ ಕಿತ್ತಿಡುತ್ತಿದ್ದರು. ಆ ನಡಿಗೆಯನ್ನು ಕಂಡವರಿಗೆ, ಈತ ಹುಟ್ಟುವಾಗಲೇ ದಣಿದು ಹುಟ್ಟಿದವರಿರಬೇಕು ಅನಿಸುತ್ತಿತ್ತು.

ಆದರೆ ಅವರು ತಮಗೆ ದಣಿವಾಗಿದೆ ಎಂದು ಒಮ್ಮೆಯಾದರೂ ಹೇಳಿದವರಲ್ಲ. ಸುಸ್ತು ಎಂಬ ಪದವನ್ನು ಅವರು ಬಳಸುತ್ತಿದ್ದದ್ದು ಲೋಹದ ಬಗ್ಗೆ. ಬೆರಳಿನಿಂದ ಕುದುರೆ ಎಳೆದರೂ ಕೇಪಿಗೆ ಬಡಿಯದ ಬಂದೂಕನ್ನು ಯಾರಾದರೂ ತಂದರೆ, ಬಿಚ್ಚಿ ನೋಡಿ, "ಸ್ಪ್ರಿಂಗಿಗೆ ಸುಸ್ತಾಗೈತೆ" ಎನ್ನುತ್ತಿದ್ದರು. ಹಲವು ಸಲ ಸುಟ್ಟು, ಬಾಯಿ ಸಡಿಲಗೊಂಡು, ಕೂದಲೆಳೆಯ ಬಿರುಕು ಬಿಟ್ಟ ಕೊಳವೆಯನ್ನು ಉಗುರಿನಿಂದ ತಟ್ಟಿ, ಅದರ ಮಂಕು ಸದ್ದನ್ನು ಕೇಳಿ, "ಇದಕ್ಕೆ ಸುಸ್ತಾಗೈತೆ, ಬಿಟ್ಬಿಡಿ ಪಾಪ" ಎಂದು ಪಕ್ಕದ ಮಡಕೆಗೆ ಹಾಕುತ್ತಿದ್ದರು. ಇನ್ನೊಂದು ಸಲ ತುಂಬಿಕೊಡಿ, ಒಂದೇ ಒಂದು ಸಲ ಎಂದು ಗಿರಾಕಿ ಎಷ್ಟು ಗೋಗರೆದರೂ ಆ ಮಡಕೆಗೆ ಬಿದ್ದದ್ದು ಮತ್ತೆ ಮೇಲೇಳುತ್ತಿರಲಿಲ್ಲ.

ಬಂದೂಕಿನ ತಕರಾರು ಹೇಳಿಕೊಂಡು ಬಂದವರಿಗೆ ಅವರು ಮೊದಲು ಬಂದೂಕಿನ ವಿಚಾರವನ್ನೇ ಕೇಳುತ್ತಿರಲಿಲ್ಲ. ತೂಬಗೆರೆಯ ಮುನಿವೆಂಕಟಪ್ಪನೆಂಬ ರೈತ ಒಂದು ಮಳೆಗಾಲದಲ್ಲಿ, ಸಾಬರ ತೋಟೆಗಳೆಲ್ಲ ಠುಸ್ಸಾಗುತ್ತಿವೆ, ಹಂದಿಗಳು ತನ್ನನ್ನು ನೋಡಿ ನಗುತ್ತಿವೆ ಎಂದು ಕಟ್ಟೆಯ ಮೇಲೆ ಕೂತು ಕೂಗಾಡಿದ. ಸಾಬರು ಕೇಳಿದ್ದು ತೋಟೆಯ ಪೆಟ್ಟಿಗೆಯನ್ನು ಮನೆಯಲ್ಲಿ ಎಲ್ಲಿಟ್ಟಿದ್ದೀರಿ ಎಂದು. ಒಲೆಯ ಮೇಲಿನ ಅಟ್ಟದಲ್ಲಿ, ಬೆಚ್ಚಗಿರಲಿ ಅಂತ, ಎಂದ ಅವನು. ಪೆಟ್ಟಿಗೆಯ ಪಕ್ಕದಲ್ಲಿ ಏನಿದೆ ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಸಾಬರು ಬೀದಿಬೀದಿಯ ಮೂಲೆಗೂ ನಿಂತು ಉಸಿರೆಳೆದುಕೊಂಡು, ಬಸ್ಸು ಹಿಡಿದು ತೂಬಗೆರೆಗೆ ಹೋಗಿ, ಅಟ್ಟ ಹತ್ತಿ ನೋಡಿದರೆ ಪೆಟ್ಟಿಗೆಗೆ ಒತ್ತಿಕೊಂಡು ಉಪ್ಪಿನ ಗಡಿಗೆ ಕೂತಿತ್ತು. ಉಪ್ಪು ಮಳೆಗಾಲದಲ್ಲಿ ನೀರು ಬಿಡುತ್ತದೆ, ಆ ಪಸೆ ಕೇಪಿಗೆ ಇಳಿಯುತ್ತದೆ. ಸಾಬರು ಗಡಿಗೆಯನ್ನು ಆಚೆಗೆ ಸರಿಸಿ, ಮನೆಯವರು ಕೊಟ್ಟ ಮಜ್ಜಿಗೆ ಕುಡಿದು ಹಿಂದಿರುಗಿದರು. ಗೆದ್ದೆನೆಂಬ ಖುಷಿಯಾದರೂ ಇರಬಾರದೆ ಆ ಮುಖದಲ್ಲಿ? ಅದೂ ಇರಲಿಲ್ಲ.

ಅವರಲ್ಲಿದ್ದ ಯಂತ್ರ ಬೆಂಗಳೂರು ದಂಡಿನಿಂದ ಸ್ವದೇಶಕ್ಕೆ ಹೊರಟ ಯಾರೋ ದೊರೆಯ ಸಾಮಾನು ಹರಾಜಾದಾಗ ಬಂದದ್ದು. ಹಲಗೆಗೆ ತಿರುಪಿನಿಂದ ಬಿಗಿದ ಹಿತ್ತಾಳೆ ಕಂಬ. ಅದರ ನೆತ್ತಿಯ ಮೇಲೆ ಮದ್ದಿಗೊಂದು, ಚರೆಗೊಂದು ತಗಡಿನ ಕುಡಿಕೆ. ಒಂದು ಹಿಡಿ ಎಳೆದರೆ ಒಂದು ಅಳತೆ ಮದ್ದು ಕೆಳಗಿನ ಕೊಳವೆಗೆ ಇಳಿಯುತ್ತಿತ್ತು. ಇನ್ನೊಂದು ಹಿಡಿ ಬಿಲ್ಲೆಯನ್ನು ಒತ್ತುತ್ತಿತ್ತು. ಕಡೆಗೆ ಒಂದು ಕೈಚಕ್ರ ತಿರುಗಿಸಿದರೆ ತೋಟೆಯ ಬಾಯಿ ಮಡಚಿಕೊಂಡು ಭದ್ರವಾಗುತ್ತಿತ್ತು. ರೇಷ್ಮೆ ಬಿಚ್ಚುವ ಊರಾದ್ದರಿಂದ ವಿಜಯಪುರದವರಿಗೆ ಕೈಯಿಂದ ತಿರುಗುವುದೆಲ್ಲ ರಾಟೆ. ಇದು ತೋಟೆ ರಾಟೆಯಾಯಿತು, ಇವರು ತೋಟೆ ರಾಟೆ ಸಾಬರಾದರು.

ಆ ರಾಟೆಗೆ ಕಾಯಿಲೆಗಳು ಬಹಳ. ಮೋಡ ಮುಚ್ಚಿದ ದಿನ ಮದ್ದು ಕುಡಿಕೆಯ ಕುತ್ತಿಗೆಯಲ್ಲಿ ಕಚ್ಚಿಕೊಂಡು ಕೆಳಗಿಳಿಯುತ್ತಿರಲಿಲ್ಲ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಬೇಕು, ಜೋರಾಗಿ ತಟ್ಟಿದರೆ ಎರಡು ಅಳತೆ ಒಟ್ಟಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಚರೆ ಕಾಳುಗಳ ಸೀಸದ ಪುಡಿ ಜಾರುಪಟ್ಟಿಗೆ ಮೆತ್ತಿಕೊಂಡು ಹಿಡಿ ಬಿಗಿಯುತ್ತದೆ. ಸಾಬರು ಅದರ ಎದುರು ತಗ್ಗು ಮಣೆಯ ಮೇಲೆ ಕೂತು, ಜ್ವರ ಬಂದವರ ಮೈ ಮುಟ್ಟುವಂತೆ ಅಂಗೈಯಿಟ್ಟು ನೋಡಿ ಕೆಲಸಕ್ಕೆ ತೊಡಗುತ್ತಿದ್ದರು. ಕಣ್ಣಿಗಿಂತ ಕೈಯನ್ನು ನಂಬಿದವರು ಅವರು. ಬಿಲ್ಲೆ ಒತ್ತುವಾಗ ಹಿಡಿ ಎಷ್ಟು ಆಳಕ್ಕೆ ಹೋಗಿ ನಿಲ್ಲುತ್ತದೆ ಎಂಬುದರಿಂದಲೇ ಒಳಗೆ ಮದ್ದು ಸರಿಯಾಗಿದೆಯೋ ಇಲ್ಲವೋ ತಿಳಿಯುತ್ತದೆ, ಅದಕ್ಕೆ ದೀಪ ಹಿಡಿದು ನೋಡಬೇಕಾಗಿಲ್ಲ ಎನ್ನುತ್ತಿದ್ದರು. ಕೆಲಸ ನಡೆಯುವಾಗ ಬೀಡಿ ಸೇದುವವರು ಆ ಬೀದಿಯಲ್ಲೇ ಸುಳಿಯುವಂತಿರಲಿಲ್ಲ. ಅಮಲ್ದಾರರ ದಫೇದಾರನನ್ನೂ ಬೀದಿಯ ಆ ಕೊನೆಗೆ ಅಟ್ಟಿದ್ದುಂಟು.

ಇಂಥವರಿಗೆ ಸ್ನೇಹಿತರಾಗಿ ಸಿಕ್ಕವರು ಅಪ್ಪಯ್ಯಣ್ಣ. ವಿಜಯಪುರದ ಪಕ್ಕದ ಹಳ್ಳಿಯ ದೊಡ್ಡ ಒಕ್ಕಲು, ಆಳೆತ್ತರದ ಮೇಲೆ ಅರ್ಧ ಮೊಳ ಹೆಚ್ಚಿರುವ ದೇಹ, ಗಟ್ಟಿ ಗಂಟಲು, ಗುರಿಯಲ್ಲಿ ಎತ್ತಿದ ಕೈ. ಸಾಬರು ಒಂದು ವಾರದಲ್ಲಿ ಆಡುವಷ್ಟು ಮಾತನ್ನು ಅಪ್ಪಯ್ಯಣ್ಣ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಆಡಿ ಮುಗಿಸುತ್ತಿದ್ದರು. ಇಬ್ಬರಿಗೂ ಹೇಗೆ ಹೊಂದಿತೆಂದು ಊರಿಗೆ ಸೋಜಿಗ. ತೋಟೆ ತುಂಬುವ ದಿನ ಅಪ್ಪಯ್ಯಣ್ಣ ತಪ್ಪದೆ ಬಂದು ರಾಟೆಯ ಪಕ್ಕ ನಿಲ್ಲುತ್ತಿದ್ದರು. ತಗ್ಗು ಮಣೆಯ ಮೇಲೆ ಕೂತ ಸಾಬರಿಗೆ ಕುಡಿಕೆಯ ಒಳಗು ಕಾಣುತ್ತಿರಲಿಲ್ಲ. ಎತ್ತರದ ಅಪ್ಪಯ್ಯಣ್ಣ ಇಣುಕಿ ನೋಡಿ ಹೇಳುತ್ತಿದ್ದರು. ಅದೇ ಅವರ ಊಳಿಗ.

ಯುದ್ಧ ಮುಗಿದ ಮರುವರ್ಷ, ಸಂಕ್ರಾಂತಿ ಕಳೆದು ಕೆರೆಯ ನೀರು ತಗ್ಗಿದ ಮೇಲೆ, ನಿಂತುಹೋಗಿದ್ದ ಗುರಿಪಂದ್ಯವನ್ನು ಸೀಮೆಯ ಬಂದೂಕುದಾರರು ಕೆರೆಯಂಗಳದಲ್ಲಿ ಮತ್ತೆ ನಡೆಸಲು ನಿಂತರು. ದಂಡಿನ ದೊರೆಗಳು ಗಾಳಿಗೆ ಹಾರಿಸಿ ಹೊಡೆಯುತ್ತಿದ್ದ ವಿಲಾಯಿತಿಯ ಮಣ್ಣುತಟ್ಟೆಗಳು ಸಿಕ್ಕದ ಕಾಲ. ಕುಂಬಾರ ಬೈರಣ್ಣನಿಗೆ ತೆಳ್ಳನೆಯ ಹಣತೆ ಮಾಡಿಕೊಡಲು ಹೇಳಿದರೆ, ಅವನ ಹೆಂಡತಿ ಅಮ್ಮಯಮ್ಮ ಅಡ್ಡ ನಿಂತಳು. ದೀಪ ಹಚ್ಚುವ ವಸ್ತುವನ್ನು ಗುಂಡಿಕ್ಕಿ ಒಡೆಯಲು ತನ್ನ ಗಂಡನ ಚಕ್ರ ತಿರುಗದು ಎಂದಳು. ಕಡೆಗೆ ಬತ್ತಿ ಇಡುವ ಮೂತಿ ಇಲ್ಲದಂತೆ ಮಾಡುವುದು, ಹಣತೆ ಎಂದು ಯಾರೂ ಕರೆಯದಿರುವುದು ಎಂಬ ಕರಾರಿನ ಮೇಲೆ ಒಪ್ಪಿದಳು. ಅವುಗಳಿಗೆ ಹಕ್ಕಿ ಎಂದು ಹೆಸರಾಯಿತು. ಹಳೆಯ ಲಾರಿಯ ಪಟ್ಟಿ ಸ್ಪ್ರಿಂಗಿನಿಂದ ಹಕ್ಕಿ ಚಿಮ್ಮಿಸುವ ಕವಣೆಯೊಂದನ್ನು ಸಾಬರೇ ಮಾಡಿಕೊಟ್ಟರು. ಆಡುವವರ ತೋಟೆಗಳೂ ಬಹುಪಾಲು ಅವರವೇ. ಎಲ್ಲರ ಬೇಡಿಕೆಯೂ ಒಂದೇ ವಾರದಲ್ಲಿ ಬಂದು ಬಿತ್ತು. ಬಶೀರುನ್ನೀಸಾ ಆ ವಾರವೆಲ್ಲ ಮಲೇರಿಯಾ ಜ್ವರದಿಂದ ಮಲಗಿದ್ದಳು. ಗಂಜಿ ಕಾಯಿಸುವುದೂ, ಕೇಪು ಕೂರಿಸುವುದೂ ಸಾಬರ ಪಾಲಿಗೇ ಬಂತು.

ಪಂದ್ಯದ ಹಿಂದಿನ ಮಧ್ಯಾಹ್ನ ಕೊನೆಯ ಕಂತು ನಡೆಯುತ್ತಿತ್ತು. ಇಲ್ಲಿ ಅಪ್ಪಯ್ಯಣ್ಣನ ಮನೆತನದ ಒಂದು ನಡವಳಿಕೆಯನ್ನು ಹೇಳಬೇಕು. ಅದು ಅವರೊಬ್ಬರದೇ ಅಲ್ಲ, ನಮ್ಮ ಕಡೆಯ ಎಷ್ಟೋ ಮನೆಗಳದು. ಆ ಮನೆಯಲ್ಲಿ ಅಕ್ಕಿ ಮುಗಿಯುವುದಿಲ್ಲ, ತುಂಬುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರುವುದಿಲ್ಲ, ಶಾಂತವಾಗುತ್ತದೆ. ಇಲ್ಲ, ಮುಗಿಯಿತು ಎಂಬ ಪದಗಳನ್ನು ಬಾಯಿಗೆ ತಂದರೆ ಇದ್ದದ್ದೂ ಹೋಗುತ್ತದೆಂಬ ಅಂಜಿಕೆ. ಮಾಮೂಲಿ ದಿನಗಳಲ್ಲಿ ಅಪ್ಪಯ್ಯಣ್ಣ ರಾಟೆಯ ಪಕ್ಕ ನಿಂತು, ಮದ್ದು ಹಾಕಿ ಸಾಬ್ರೇ ಎಂದಷ್ಟೇ ಹೇಳುತ್ತಿದ್ದರು. ಅಂದು ನಾಳೆ ಪಂದ್ಯ. ಮೂರು ಪಂದ್ಯಗಳಿಂದ ಹೊಸಕೋಟೆ ಕಡೆಯ ಆದಿನಾರಾಯಣಪ್ಪನಿಗೆ ಸೋತು ಬಂದ ನೋವು ಬೇರೆ. ಶುಭವನ್ನೇ ನುಡಿಯಬೇಕೆಂಬ ಎಚ್ಚರದಲ್ಲಿ, ಬರಿದಾದ ಕುಡಿಕೆಯೊಳಗೆ ಇಣುಕಿ, "ಮದ್ದು ತುಂಬೈತೆ ಸಾಬ್ರೇ" ಎಂದು ಹೇಳಿ, ಎಲೆ ಅಡಿಕೆ ಉಗುಳಲು ಆಚೆ ಹೋದರು. ಆಚೆ ಯಾರೋ ಪರಿಚಯದವರು ಸಿಕ್ಕಿ ಮಾತಿಗೆ ನಿಂತರು.

ಅಕ್ಕಿಯಂಗಡಿಯಲ್ಲಿ ಆ ಪದ ಕೇಳಿದ್ದರೆ ಸಾಬರು ತಪ್ಪು ತಿಳಿಯುತ್ತಿರಲಿಲ್ಲ. ಹುಟ್ಟಿದಾರಭ್ಯ ಅದನ್ನು ಕೇಳಿ ಬೆಳೆದವರು. ಆದರೆ ರಾಟೆಯ ಮುಂದೆ ತುಂಬುವುದೆಂದರೆ ತುಂಬುವುದೇ. ಅದೇ ಅವರ ಕಸುಬಿನ ಹೆಸರು. ಕುಡಿಕೆ ತುಂಬಿದೆ ಎಂದು ತಿಳಿದು ಹಿಡಿ ಎಳೆಯುತ್ತ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮಣೆಯಿಂದೆದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುವಾಗ ಕಣ್ಣು ಕುಡಿಕೆಯ ಮೇಲೆ ಬಿತ್ತು, ಬರಿದಾಗಿತ್ತು. ಈಗ ತಾನೆ ಬರಿದಾಗಿರಬೇಕೆಂದು ಮದ್ದು ಸುರಿದುಕೊಂಡು ಮತ್ತೆ ಕೂತರು. ಮುಗಿದ ತೋಟೆಗಳೆಲ್ಲ ಒಂದೇ ಬುಟ್ಟಿಗೆ ಬಿದ್ದವು. ಸಂಜೆ ಬುಟ್ಟಿಯಿಂದ ಅವರವರ ಚೀಲಕ್ಕೆ ಹೋದವು.

ಪಂದ್ಯ ಚೆನ್ನಾಗಿಯೇ ನಡೆಯಿತು. ಒಬ್ಬೊಬ್ಬರೇ ಉದುರಿಹೋಗಿ, ಬಿಸಿಲು ಇಳಿಯುವ ಹೊತ್ತಿಗೆ ಕಣದಲ್ಲಿ ಉಳಿದವರು ಇಬ್ಬರೇ, ಆದಿನಾರಾಯಣಪ್ಪ ಮತ್ತು ಅಪ್ಪಯ್ಯಣ್ಣ. ಇಬ್ಬರೂ ಸರಿಸಮ. ಆದಿನಾರಾಯಣಪ್ಪ ತನ್ನ ಕೊನೆಯ ಹಕ್ಕಿಯನ್ನು ತಪ್ಪಿಸಿಕೊಂಡ. ಅಪ್ಪಯ್ಯಣ್ಣ ಇನ್ನೊಂದು ಹೊಡೆದರೆ ಬೆಳ್ಳಿಯ ಬಟ್ಟಲು ಅವರದು. ಸುಣ್ಣದ ಗೆರೆಯ ಮೇಲೆ ನಿಂತು, ಬಂದೂಕು ಭುಜಕ್ಕೇರಿಸಿ, ಹಕ್ಕಿ ಬಿಡಿ ಎಂದರು. ಹಕ್ಕಿ ಚಿಮ್ಮಿತು, ಕುದುರೆ ಎಳೆದರು. ಬಂದ ಸದ್ದು ಗುಂಡಿನದಲ್ಲ. ಹಸಿ ಸೌದೆ ಒಲೆಯಲ್ಲಿ ಸಿಡಿದಂಥದು. ಹಕ್ಕಿ ಹಾರಿಹೋಗಿ ಕೆರೆಯ ಕೆಸರಿನಲ್ಲಿ ಬಿತ್ತು.

ಪಂದ್ಯದ ಕಟ್ಟಳೆಯಂತೆ, ತೋಟೆ ಕೈಕೊಟ್ಟರೆ ಗೆರೆ ದಾಟದೆ, ತಡ ಮಾಡದೆ, ಇನ್ನೊಂದು ಹಾಕಿಕೊಂಡು ಇನ್ನೊಂದು ಹಕ್ಕಿ ಕೇಳಬಹುದು. ಅಪ್ಪಯ್ಯಣ್ಣ ಬಂದೂಕನ್ನು ನಡುವೆ ಬಾಗಿಸಿ ತೆರೆದು, ಕೆಟ್ಟ ತೋಟೆಯನ್ನು ಕಿತ್ತೆಸೆದು, ಸೊಂಟದ ಪಟ್ಟಿಯಿಂದ ಮತ್ತೊಂದನ್ನು ತೆಗೆದರು. ಹಿಂದೆ ಹುಣಸೆಮರದ ಕೆಳಗೆ ಕೂತಿದ್ದ ಸಾಬರಿಗೆ ಆ ಸದ್ದಿನಲ್ಲೇ ಎಲ್ಲವೂ ತಿಳಿದುಹೋಯಿತು. ಮದ್ದಿಲ್ಲದ ತೋಟೆ. ಬರಿಯ ಕೇಪಿನ ಕಸುವಿಗೆ ಬಿಲ್ಲೆಯೂ ಚರೆಯೂ ನಳಿಗೆಯ ಅರ್ಧದವರೆಗೆ ಹೋಗಿ ಸಿಕ್ಕಿಕೊಂಡಿವೆ. ಅದರ ಹಿಂದೆ ಮತ್ತೊಂದು ತುಂಬು ತೋಟೆ ಸಿಡಿದರೆ, ಹೋಗಲು ದಾರಿಯಿಲ್ಲದ ಬೆಂಕಿ ಉಕ್ಕಿನ ನಳಿಗೆಯನ್ನು ಹರಿದುಕೊಂಡು ಹೊಡೆದವನ ಮುಖಕ್ಕೆ ಬರುತ್ತದೆ. ಕುಡಿಕೆ, ಅಪ್ಪಯ್ಯಣ್ಣನ ಮಾತು, ಆ ಮಾತಿನ ಅರ್ಥ, ಮೂರೂ ಒಂದೇ ಏಟಿಗೆ ಅವರ ಎದೆಗೆ ಬಂದು ಬಡಿದವು.

ಆ ಮನುಷ್ಯ ಓಡಿದ್ದನ್ನು ಊರು ಅದೇ ಮೊದಲು ಕಂಡಿತು. ಕೂಗಿದರೆ ಕೇಳಿಸುವ ಗಂಟಲು ಅವರದಲ್ಲ. ಜನರನ್ನು ತಳ್ಳಿಕೊಂಡು ಗೆರೆಯ ಬಳಿಗೆ ಬಂದವರೇ, ತೆರೆದ ಬಂದೂಕಿನ ಸಂದಿಯಲ್ಲಿ ತಮ್ಮ ಹೆಬ್ಬೆರಳನ್ನು ಇಟ್ಟುಬಿಟ್ಟರು. ಅಪ್ಪಯ್ಯಣ್ಣ ಗುರಿಯ ಗುಂಗಿನಲ್ಲಿದ್ದವರು, ನೋಡದೆಯೇ ಬಂದೂಕನ್ನು ನೆಟ್ಟಗೆ ಮಾಡಿ ಮುಚ್ಚಿದರು. ಉಕ್ಕು ಉಗುರಿನ ಮೇಲೆ ಕಚ್ಚಿತು.

"ಬೆರಳು ತೆಗೀರಿ ಸಾಬ್ರೇ, ಹೊತ್ತಾಯ್ತದೆ," ಎಂದರು ಅಪ್ಪಯ್ಯಣ್ಣ.

"ತೆಗೆಯಲ್ಲ. ನಳಿಗೇಲಿ ಸಿಕ್ಕೊಂಡೈತೆ. ತೋಟೆ ನಂದು, ತಪ್ಪೂ ನಂದು. ಗೆರೆ ಬಿಟ್ಟು ಬನ್ನಿ."

ಗೆರೆ ಬಿಟ್ಟರೆ ಬಟ್ಟಲು ಹೋಯಿತು. ಅಪ್ಪಯ್ಯಣ್ಣ ಸಾಬರ ಮುಖವನ್ನು ನೋಡಿದರು, ಹೆಬ್ಬೆರಳಿನಿಂದ ಇಳಿಯುತ್ತಿದ್ದ ರಕ್ತವನ್ನು ನೋಡಿದರು, ಗೆರೆ ಬಿಟ್ಟು ಹಿಂದಕ್ಕೆ ಬಂದರು. ಪಂದ್ಯ ನೋಡಲು ಬಂದಿದ್ದ ಅಮಲ್ದಾರರ ಎದುರಿನಲ್ಲೇ ಸಾಬರು ನಳಿಗೆಯ ಮೂತಿಯಿಂದ ಸಲಾಕೆ ಹಾಕಿ ನೂಕಿದರು. ಮೊದಲು ಬೂದು ಉಣ್ಣೆ, ಹಿಂದೆಯೇ ಗೊಳಗೊಳನೆ ಚರೆ ನೆಲಕ್ಕೆ ಬಿತ್ತು. ಆಮೇಲೆ ಕಣದಲ್ಲಿದ್ದ ಎಲ್ಲ ಬಂದೂಕುದಾರರ ಕೈಯೂ ತಂತಮ್ಮ ಸೊಂಟದ ಪಟ್ಟಿಗೆ ಹೋಯಿತು. ಇರುವ ತೋಟೆಗಳಲ್ಲಿ ಯಾವುದು ಹೇಗಿದೆಯೋ ಯಾರಿಗೆ ಗೊತ್ತು! ಸಾಬರು ನೋಡಿದ್ದು ಆ ಕೈಗಳನ್ನು. ಬಟ್ಟಲು ಪಡೆದ ಆದಿನಾರಾಯಣಪ್ಪ ಒಳ್ಳೆಯ ಮನುಷ್ಯ. ಅದನ್ನು ಎಲ್ಲರೆದುರು ಹಿಡಿದುಕೊಳ್ಳಲು ಮನಸ್ಸು ಬಾರದೆ ಅಂಗವಸ್ತ್ರದಲ್ಲಿ ಸುತ್ತಿಕೊಂಡು ಹೋದ.

ಹಿಂದಿರುಗುವ ಗಾಡಿಯಲ್ಲಿ ಅಪ್ಪಯ್ಯಣ್ಣ, ತಾನು ನಿನ್ನೆ ತುಂಬೈತೆ ಅಂದದ್ದು ಮುಗಿದಿದೆ ಎಂಬ ಅರ್ಥದಲ್ಲಿ ಎಂದರು. ಗೊತ್ತಾಯಿತು ಎಂದರು ಸಾಬರು. ಅಷ್ಟೇ.

ಊರಿಗೆ ಈ ಸಂಗತಿ ತಿಳಿದಾಗ ಅದು ಸಾಬರನ್ನು ಕೈಬಿಡಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ತಪ್ಪು ಸಾಬರದೂ ಅಲ್ಲ, ಅಪ್ಪಯ್ಯಣ್ಣನದೂ ಅಲ್ಲ, ಆ ಪದದ್ದು ಎಂದು ವಿಜಯಪುರ ತೀರ್ಪು ಕೊಟ್ಟಿತು. ಎಷ್ಟು ಅನುಕೂಲದ ತೀರ್ಪು! ಯಾರಿಗೂ ನೋವಿಲ್ಲ, ಎಲ್ಲರಿಗೂ ನಗಲು ಒಂದು ವಿಷಯ. ಅಂಗಡಿಗಳಲ್ಲಿ ಯಾರಾದರೂ ಎಣ್ಣೆ ತುಂಬಿದೆ ಎಂದರೆ, ಯಾವ ತುಂಬಿದೆ, ಅಪ್ಪಯ್ಯಣ್ಣನ ತುಂಬಿದೆಯೋ ಸಾಬರ ತುಂಬಿದೆಯೋ ಎಂದು ಕೇಳುವುದು ಹಾಸ್ಯವಾಯಿತು. ಬಂದೂಕುದಾರರು ಮತ್ತೆ ಸುಟ್ಟ ಕೊಳವೆಗಳನ್ನು ತಂದು ಸಾಬರ ಕಟ್ಟೆಯ ಮೇಲೆ ಇಡತೊಡಗಿದರು. ತೋಟೆ ತುಂಬುವವನಿಗೆ ಹೆಸರೇ ಬಂಡವಾಳ; ಅದು ಹೋದರೆ ರಾಟೆಯಿದ್ದೂ ಉಪಯೋಗವಿಲ್ಲ. ಆ ಹೆಸರನ್ನು ಊರು ತಾನಾಗಿ ಉಳಿಸಿ ಅವರ ಕೈಗೆ ಕೊಡುತ್ತಿತ್ತು.

ಸಾಬರು ಒಂದನ್ನೂ ತುಂಬಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು, ಆ ಬುಟ್ಟಿಯಿಂದ ಯಾರುಯಾರಿಗೆ ತೋಟೆ ಹೋಗಿತ್ತೋ ಅವರವರ ಮನೆಗೆ ಹೊರಟರು. ತೂಬಗೆರೆಗೆ ಹೋದರು, ಸಮೇತನಹಳ್ಳಿಗೆ ಹೋದರು. ಪ್ರತಿ ಬಾಗಿಲಲ್ಲೂ ನಿಂತು, ತಾನು ತುಂಬಿದ್ದರಲ್ಲಿ ದೋಷವಿದೆ, ಎಲ್ಲವನ್ನೂ ಹಿಂದಕ್ಕೆ ಕೊಡಿ ಎಂದು ಕೇಳಿದರು. ಸುದ್ದಿ ಇನ್ನೂ ಮುಟ್ಟಿರದ ಹಳ್ಳಿಗಳಿಗೆ ಸಾಬರ ತಪ್ಪಿನ ಸುದ್ದಿಯನ್ನು ಮುಟ್ಟಿಸಿದವರು ಸಾಬರೇ ಆದರು. ಸಮೇತನಹಳ್ಳಿಯ ಪಿಳ್ಳಮ್ಮ, ಮಗನ ಪೆಟ್ಟಿಗೆಯನ್ನು ತಂದುಕೊಡುತ್ತ, ಹೇಳದೇ ಇದ್ದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲವಲ್ಲಪ್ಪ ಎಂದು ಮರುಗಿದಳು. ಅದಕ್ಕೇ ಬಂದೆ ತಾಯಿ ಎಂದು ಹೇಳಿ ಸಾಬರು ಪೆಟ್ಟಿಗೆಯನ್ನು ಚೀಲಕ್ಕೆ ಸುರಿದುಕೊಂಡರು. ಮನೆಗೆ ಬಂದು ಒಂದೊಂದನ್ನೇ ಬಿಚ್ಚಿ ನೋಡಿದರೆ ಎಲ್ಲವೂ ಸರಿಯಾಗಿದ್ದವು. ಬಶೀರುನ್ನೀಸಾ, ಜ್ವರದಿಂದ ಎದ್ದವಳು, ಇನ್ನಾದರೂ ಸಾಕು ಮಾಡಿ ಎಂದು ಬೇಡಿಕೊಂಡಳು.

ಉಳಿದದ್ದು ಅಪ್ಪಯ್ಯಣ್ಣನ ಪೆಟ್ಟಿಗೆ. ಅದನ್ನು ಅವರು ಕೊಡಲೊಲ್ಲರು. ಸ್ನೇಹಿತ ತುಂಬಿದ ತೋಟೆಯನ್ನು ಬಿಚ್ಚಿಸಿ ನೋಡುವುದು ಅವರ ಪಾಲಿಗೆ ಸ್ನೇಹಿತನ ಮುಖಕ್ಕೆ ಉಗುಳಿದ ಹಾಗೆ. ತಪ್ಪು ತನ್ನ ನಾಲಗೆಯದು, ಸಾಬರ ತೋಟೆಗಳನ್ನು ತಾನು ಹಾಗೆಯೇ ಹಾರಿಸಿ ಊರಿಗೆ ತೋರಿಸುತ್ತೇನೆ ಎಂಬ ಹಟ. ಸಾಬರು ಒಂದು ಬೆಳಗ್ಗೆ ಅವರ ಜಗುಲಿಯ ಮೇಲೆ ಹೋಗಿ ಕೂತರು. ಎದ್ದುಹೋಗುವವರಂತೆ ಕಾಣಲಿಲ್ಲ.

"ನನ್ ಬಾಯಲ್ಲಿ ಮುಗೀತು ಅನ್ನೋ ಮಾತು ಬಂದಿದ್ರೆ ಏನೂ ಆಗ್ತಿರ್ಲಿಲ್ಲ," ಎಂದರು ಅಪ್ಪಯ್ಯಣ್ಣ. "ನಿಮ್ ತಪ್ಪೇನೈತೆ ಇದ್ರಲ್ಲಿ?"

ಸಾಬರು ತಮ್ಮ ಅಂಗೈಯನ್ನು ಬಿಡಿಸಿ ಹಿಡಿದರು.

"ಕೈಗೆ ತಿಳೀತು ಅಪ್ಪಯ್ಯಣ್ಣ," ಎಂದರು. "ಬಿಲ್ಲೆ ಒತ್ತುವಾಗ ಎರಡು ತೋಟೇಲಿ ಹಿಡಿ ಆಳಕ್ಕೆ ಹೋಯ್ತು. ಮದ್ದಿದ್ರೆ ಹಂಗೆ ಹೋಗಲ್ಲ. ನಂಗೆ ಗೊತ್ತು. ಎದ್ದು ಕುಡಿಕೆ ನೋಡಬೇಕಿತ್ತು. ಉಣ್ಣೆ ಸವೆದು ಬಿಲ್ಲೆ ತೆಳ್ಳಗಾಗೈತೆ ಅಂದ್ಕೊಂಡು, ಮೇಲೆ ಇನ್ನೊಂದು ಬಿಲ್ಲೆ ಹಾಕಿ ಸಮ ಮಾಡ್ಬಿಟ್ಟೆ. ನಿಮ್ ಮಾತು ಒಂದ್ಸಲ ತಪ್ಪಿ ಕೇಳ್ತು. ಕೈ ಹೇಳಿದ್ದು ಸರಿಯಾಗೇ ಕೇಳಿತ್ತು."

ಅಪ್ಪಯ್ಯಣ್ಣ ಮೆಲ್ಲಗೆ, ಮನೆಯಲ್ಲಿ ಕಾಯಿಲೆ, ಮೈಮುರಿಯುವಷ್ಟು ಕೆಲಸ, ನಿಮಗೂ ಸುಸ್ತಾಗಿತ್ತು ಎಂದರು.

"ಸುಸ್ತಾದ ಕೊಳವೆನ ನಾನು ಮತ್ತೆ ತುಂಬ್ತೀನಾ?" ಎಂದು ಕೇಳಿದರು ಸಾಬರು.

ಅಪ್ಪಯ್ಯಣ್ಣ ಒಳಗೆ ಹೋಗಿ ಪೆಟ್ಟಿಗೆಯನ್ನು ತಂದು ಅವರ ಮುಂದಿಟ್ಟರು. ಜಗುಲಿಯ ಮೇಲೆಯೇ ಚಾಪೆ ಹಾಸಿ, ಒಂದೊಂದರ ಬಾಯಿ ಬಿಡಿಸಿ, ಮದ್ದನ್ನೂ ಚರೆಯನ್ನೂ ಬೇರೆಬೇರೆ ಸುರಿದರು. ತಳದಲ್ಲಿದ್ದ ಒಂದರೊಳಗೆ ಮದ್ದಿರಲಿಲ್ಲ, ಎರಡು ಬಿಲ್ಲೆಗಳಿದ್ದವು. ಅದನ್ನು ಕಂಡು ಅಪ್ಪಯ್ಯಣ್ಣನ ಮುಖ ಬಿಳುಚಿತು. ಅವರೇ ಹಟದಿಂದ ಹಾರಿಸಲಿದ್ದ ತೋಟೆ ಅದು. ಸಾಬರ ಮುಖದಲ್ಲಿ ಮಾತ್ರ ಬಹಳ ದಿನಗಳ ಮೇಲೆ ಒಂದು ಬಗೆಯ ನಿರಾಳ ಕಾಣಿಸಿತು. ಅದು ಸಂತೋಷವೆಂದು ಯಾರೂ ಹೇಳಲಾರರು. ಹುಡುಕುತ್ತಿದ್ದದ್ದು ಸಿಕ್ಕಿತು, ಇನ್ನು ಎಲ್ಲಿಗೂ ನಡೆಯಬೇಕಾಗಿಲ್ಲ ಎಂಬಷ್ಟೇ ನಿರಾಳ.

ಆ ಎರಡು ಬಿಲ್ಲೆಯ ಸಂಗತಿಯನ್ನು ಅಪ್ಪಯ್ಯಣ್ಣ ಯಾರಿಗೂ ಹೇಳಲಿಲ್ಲ. ಸಾಬರೇ, ಕೇಳಿದವರಿಗೂ ಕೇಳದವರಿಗೂ ಹೇಳಿದರು. ಪದದ ತಪ್ಪೆಂದರೆ ನಕ್ಕು ಕ್ಷಮಿಸಿದ್ದ ಊರಿಗೆ, ಕೈಯ ತಪ್ಪೆಂದು ಕೇಳಿದ ಮೇಲೆ ನಗು ಬರಲಿಲ್ಲ. ಯಾರೂ ಬೈಯಲಿಲ್ಲ, ಜಗಳವಾಡಲಿಲ್ಲ. ಕಟ್ಟೆಯ ಮೇಲೆ ಇಟ್ಟಿದ್ದ ಕೊಳವೆಗಳನ್ನು ಒಬ್ಬೊಬ್ಬರಾಗಿ, ಬೆಂಗಳೂರಿಗೆ ಹೇಗೂ ಹೋಗುವುದಿದೆ ಎಂದು ಸಬೂಬು ಹೇಳಿಕೊಂಡು ಎತ್ತಿಕೊಂಡು ಹೋದರು. ರಾಟೆಯ ಮೇಲೆ ಗೋಣಿ ಬಿತ್ತು. ಸಾಬರು ಬೀಗ, ಕೊಡೆ, ಹೊಲಿಗೆಯಂತ್ರ ರಿಪೇರಿಗೆ ಇಳಿದು, ಕೆಟ್ಟರೆ ಯಾರ ಮುಖಕ್ಕೂ ಸಿಡಿಯದ ಸಾಮಾನುಗಳ ನಡುವೆ ಉಳಿದ ಕಾಲವನ್ನು ಕಳೆದರು. ಅಪ್ಪಯ್ಯಣ್ಣ ದಿನವೂ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಪಂದ್ಯಕ್ಕೆ ಮತ್ತೆ ಅವರು ಹೋಗಲಿಲ್ಲ.

ತಾವು ಮಾಡಿಕೊಟ್ಟ ವಸ್ತುವನ್ನು ಇನ್ನೊಬ್ಬರು ಕಣ್ಣಿನ ಪಕ್ಕದಲ್ಲಿ ಹಿಡಿದುಕೊಳ್ಳುತ್ತಾರೆ ಎಂಬುದನ್ನು ಒಂದು ಗಳಿಗೆಯೂ ಮರೆಯಲಾರದ ಜನ ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಲೋಕ ಒಂದು ನೆಪವನ್ನು ತಂದು ಅವರ ಅಂಗೈಯಲ್ಲಿಟ್ಟರೆ, ಇದು ನನ್ನದಲ್ಲ ಎಂದು ಹಿಂದಕ್ಕೆ ಕೊಟ್ಟುಬಿಡುತ್ತಾರೆ. ಹಾಗೆ ಕೊಟ್ಟದ್ದಕ್ಕೆ ಲೋಕವೇನೂ ಅವರಿಗೆ ಋಣಿಯಾಗಿರುವುದಿಲ್ಲ. ಅಪ್ಪಯ್ಯಣ್ಣ ಬಹಳ ಕಾಲ ಬದುಕಿದರು. ಮುಪ್ಪಿನಲ್ಲೂ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಿದ್ದರು, ಸೂಜಿಗೆ ದಾರ ಪೋಣಿಸುತ್ತಿದ್ದರು, ಕೆರೆಯ ಆಚೆ ದಡದಲ್ಲಿ ಬರುವವರು ಯಾರೆಂದು ಹೇಳುತ್ತಿದ್ದರು. ಆ ಎರಡು ಕಣ್ಣುಗಳನ್ನು ಕಂಡು ಯಾರೂ ತಾಜುದ್ದೀನ್ ಸಾಬರನ್ನು ನೆನೆಯಲಿಲ್ಲ. ಆದ ಅವಘಡವನ್ನು ಊರು ನೆನಪಿಟ್ಟುಕೊಳ್ಳುತ್ತದೆ. ಆಗದೆ ಹೋದದ್ದಕ್ಕೆ ಊರಿನ ನೆನಪಿನಲ್ಲಿ ಜಾಗವಿಲ್ಲ. ಎರಡೂ ಒಬ್ಬನೇ ಮನುಷ್ಯನ ಕೈಯಿಂದ ಬಂದಿದ್ದರೆ, ಅವನು ತಪ್ಪು ಮಾಡಿದವನಾಗಿಯೇ ಸಾಯುತ್ತಾನೆ. ಆತ ಉಳಿಸಿಕೊಟ್ಟ ಕಣ್ಣುಗಳು ಅವನ ಮಣ್ಣಿಗೆ ಬಂದು, ಎಲ್ಲರ ಕಣ್ಣುಗಳಂತೆ ಒಂದಿಷ್ಟು ಅತ್ತು, ಮನೆಗೆ ಹೋಗುತ್ತವೆ.